ಉಡಿಯಲ್ಲಿ ಬಂದ ಲಕೋಟೆ

ಸಂಗನಬಸಪ್ಪ ಕಾಕಾರ ಜೊತೆ ನಾನು ಐದು ತಿಂಗಳು ಮಾತು ಬಿಟ್ಟಿದ್ದೆ. ಅವರ ಫೋನ್ ಬಂದರೆ ಗಂಡನ ಕೈಗೆ ಕೊಟ್ಟು ಅಡಿಗೆಮನೆಗೆ ಎದ್ದುಹೋಗುತ್ತಿದ್ದೆ. ನನ್ನ ಬಾಯಿ ಮೊದಲೇ ಜೋರು. ಭಾನು ಬಾಯಿ ಮುಚ್ಚಿಕೊಂಡಿದ್ದಾಳೆ ಎಂದರೆ ಸಿಟ್ಟು ಎಷ್ಟಿರಬೇಕು ಎಂದು ಡೆಟ್ರಾಯ್ಟ್ ಹತ್ತಿರದ ಸೌತ್‌ಫೀಲ್ಡಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಮಗಳ ಕೊನೆಯ ವರ್ಷದ ಆಟವನ್ನು ಅವರು ಹಾಳು ಮಾಡಿದರು ಎಂಬುದು ನನ್ನ ದೂರು. ಈಗ ಅವರ ಬಗ್ಗೆಯೇ ಬರೆಯಲು ಕೂತಿದ್ದೇನೆ. ತಮ್ಮ ಬಗ್ಗೆ ಬರೆಯುವುದು ಅವರಿಗೆ ಇಷ್ಟವಾಗುವುದಿಲ್ಲ. ಆಗದಿದ್ದರೆ ಬಿಡಲಿ, ನಾನು ಬರೆಯುವವಳೇ.

ಕಾಕಾ ಎಂದರೆ ನನ್ನ ಗಂಡ ವಿವೇಕನ ತಂದೆಯ ತಮ್ಮ. ಊರು ಗುಳೇದಗುಡ್ಡ, ಮನೆತನದ ಕೆಲಸ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ನೇಯುವುದು. ಇವರು ಮಗ್ಗ ಬಿಟ್ಟು ಡಿಪ್ಲೊಮಾ ಓದಿದರು. ಮೂವತ್ತಾರು ವರ್ಷದ ಹಿಂದೆ ಶಿಕಾಗೋಗೆ ಬಂದು, ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಹನ್ನೆರಡು ವರ್ಷಕ್ಕೆ ಆ ಕಾರ್ಖಾನೆ ಮುಚ್ಚಿತು. ಜೊತೆಯವರೆಲ್ಲ ಕಂಪ್ಯೂಟರ್ ಕೋರ್ಸು ಮಾಡಿ ದೊಡ್ಡ ಮನೆ ಕಟ್ಟಿಕೊಂಡರೆ, ಇವರು ರಾಜ್ಯ ಸರ್ಕಾರದ ಲೈಸೆನ್ಸ್ ಕಚೇರಿಯಲ್ಲಿ ಗುಮಾಸ್ತರಾದರು. ಅವರ ಮನೆಯಿರುವ ವೆಸ್ಟ್‌ಮಂಟ್ ಸ್ಟೇಷನ್ನಿನಿಂದ ಬೆಳಗಿನ ರೈಲು, ಡಬ್ಬಿಯಲ್ಲಿ ಎರಡು ಚಪಾತಿ, ಸಂಜೆ ಅದೇ ರೈಲು. ಹೀಗೆ ಇಪ್ಪತ್ನಾಲ್ಕು ವರ್ಷ.

ಕಟಿಂಗ್ ಶಾಪಿನವರು, ಉಗುರಿಗೆ ಬಣ್ಣ ಹಚ್ಚುವವರು, ಮನೆಗೆ ಛಾವಣಿ ಹೊದಿಸುವವರು, ಇವರೆಲ್ಲ ಕೆಲಸ ಶುರು ಮಾಡುವ ಮೊದಲು ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು. ಆ ಅರ್ಜಿಗಳನ್ನು ನೋಡುವುದು ಕಾಕಾರ ಕೆಲಸ. ಒಂದೇ ಒಂದು ಕಲಂ ಖಾಲಿ ಇದ್ದರೂ, ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿ, ಅರ್ಜಿಯನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದರು. ಮೂರು ಸಲ ತಪ್ಪಿದರೆ ಮೂರು ಸಲ. ಜನ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರಂತೆ. ಇವರು ಎಲ್ಲ ಕೇಳಿಸಿಕೊಂಡು, "ಸರ್, ಕಲಂ ಹನ್ನೊಂದು" ಎನ್ನುತ್ತಿದ್ದರು. ರಸ್ತೆಯಲ್ಲೂ ಅವರು ಹಾಗೆಯೇ. ಐವತ್ತೈದು ಮೈಲಿ ಎಂದು ಬೋರ್ಡ್ ಇದ್ದರೆ ಐವತ್ತೈದೇ. ಹಿಂದೆ ಲಾರಿಗಳು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕಕ್ಕೆ ಹೋಗುತ್ತಿದ್ದವು. ಅವರ ಕಾರಿನಲ್ಲಿ ಕೂತರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಕಾಕಾ ಮತ್ತು ಗುರುದೇವಿ ಕಾಕುಗೆ ಮಕ್ಕಳಿಲ್ಲ. ವಿವೇಕ ಎಂ.ಎಸ್. ಮಾಡಲು ಬಂದಾಗ ಎರಡು ವರ್ಷ ಅವರ ಬೇಸ್‌ಮೆಂಟಿನಲ್ಲೇ ಇದ್ದ. ನಮ್ಮ ವರ್ಷಾ ಅವರನ್ನು ಅಜ್ಜ, ಅಜ್ಜಿ ಎಂದೇ ಕರೆದು ಬೆಳೆದಳು. ಅವಳಿಗೆ ಶಿಕಾಗೋ ಹತ್ತಿರದ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಸ್ಕಾಲರ್‌ಶಿಪ್ ಸಿಕ್ಕಾಗ ಕಾಕಾ ಕುಣಿಯುವುದೊಂದು ಬಾಕಿ. ಅವಳು ಸೆಟ್ಟರ್, ಅಂದರೆ ಹೊಡೆಯುವವರಿಗೆ ಚೆಂಡನ್ನು ಎತ್ತಿ ಕೊಡುವವಳು. ಶಿಕಾಗೋ ಕಡೆ ನಡೆದ ಪಂದ್ಯ ಒಂದನ್ನೂ ಕಾಕಾ ಬಿಡಲಿಲ್ಲ. ಒಳಗೆ ಹೊರಗಿನ ತಿಂಡಿ ತರಬಾರದು ಎಂದು ಬಾಗಿಲಿಗೆ ಬರೆದಿದ್ದಕ್ಕೆ, ಚುರಮುರಿ ಡಬ್ಬಿಯನ್ನು ಕಾರಿನಲ್ಲೇ ತಿಂದು ಮುಗಿಸಿ ಒಳಗೆ ಹೋಗುತ್ತಿದ್ದರು.

ಆ ಹೊತ್ತಿಗೆ ಅವರ ಮೇಜಿಗೆ ಇನ್ನೊಂದು ಬಗೆಯ ಅರ್ಜಿಗಳೂ ಬರುತ್ತಿದ್ದವು. ಕಾಲೇಜು ಆಟಗಾರರನ್ನು ಮುಂದೆ ದೊಡ್ಡ ತಂಡಗಳಿಗೆ ಸೇರಿಸಿ ಕಮಿಷನ್ ತೆಗೆದುಕೊಳ್ಳುವ ಏಜೆಂಟರ ಅರ್ಜಿ. ವರ್ಷಾ ತಂಡ ಸೇರಿದ ವಾರವೇ ಕಾಕಾ ಅವಳನ್ನು ಊಟದ ಟೇಬಲ್ಲಿಗೆ ಕೂರಿಸಿ ಪಾಠ ಹೇಳಿದ್ದರು. ಏಜೆಂಟನಾದವನು ಮೊದಲು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು. ಕರಾರು ಆಗುವ ಮೊದಲು ಆಟಗಾರರಿಗಾಗಲಿ ಅವರ ಮನೆಯವರಿಗಾಗಲಿ ಹಣ ಕೊಡಬಾರದು, ಕಾಣಿಕೆ ಕೊಡಬಾರದು. ಕೊಟ್ಟದ್ದನ್ನು ತೆಗೆದುಕೊಂಡರೆ ಕಾಲೇಜಿನಲ್ಲಿ ಆಡುವ ಹಕ್ಕೇ ಹೋಗಬಹುದು.

"ಯಾರರ ಏನರ ಕೊಟ್ರ ನನ್ನ ಕೇಳು. ಕೇಳದ ಒಂದು ಚಾ ಸೈತ ಕುಡೀಬ್ಯಾಡ," ಎಂದಿದ್ದರು.

"ಓಕೆ ಅಜ್ಜಾ, ಐ ಗಾಟ್ ಇಟ್," ಎಂದು ಅವಳು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಮೂರು ವರ್ಷ ಹಾಗೆಯೇ ಕಳೆಯಿತು. ನಾಲ್ಕನೆಯ ವರ್ಷ, ಅಕ್ಟೋಬರ್ ತಿಂಗಳು, ನವರಾತ್ರಿಯ ಒಂದು ಭಾನುವಾರ ನಾನು ವೆಸ್ಟ್‌ಮಂಟಿಗೆ ಹೋದೆ. ಜೊತೆಗೆ ನನ್ನ ಗೆಳತಿ ರೇಣು ಮತ್ತು ಅವಳ ಮಗ ಸಾಕೇತ್. ರೇಣು ಹುಬ್ಬಳ್ಳಿಯವಳು, ಡೆಟ್ರಾಯ್ಟ್ ಕಡೆಯ ನಮ್ಮ ಕನ್ನಡದವರಲ್ಲಿ ಇಪ್ಪತ್ತು ವರ್ಷದ ಪರಿಚಯ. ಸಾಕೇತ್‌ಗೆ ಮೂವತ್ತು ವರ್ಷ. ಅವನು ಆಟಗಾರರ ಏಜೆಂಟ್ ಆಗಲು ಹೊರಟಿದ್ದಾನೆ ಎಂದು ನನಗೆ ಗೊತ್ತಿತ್ತು. ಮುಚ್ಚಿಡುವುದೇಕೆ, ಗೊತ್ತಿತ್ತೆಂದೇ ಕರೆದುಕೊಂಡು ಹೋದೆ. ಕಾಲೇಜು ಮುಗಿದ ಮೇಲೆ ವರ್ಷಾಳಿಗೆ ಉಪಯೋಗಕ್ಕೆ ಬರುತ್ತಾನೆ, ನಮ್ಮವನು ಬೇರೆ ಎಂದು ನನ್ನ ಎಣಿಕೆ. ಕಾಕಾ ಕೇಳಿದಾಗ, "ಮಾರ್ಕೆಟಿಂಗ್‌ನಾಗ ಅದಾನ್ರಿ" ಎಂದು ಹೇಳಿದವಳೂ ನಾನೇ. ಮನೆಗೆ ಬಂದ ಅತಿಥಿಯನ್ನು ಅದಕ್ಕಿಂತ ಹೆಚ್ಚು ವಿಚಾರಿಸುವುದು ಕಾಕಾರಿಗೆ ಸರಿ ಕಾಣಲಿಲ್ಲ.

ವರ್ಷಾ ಬೆಳಗಿನ ಪ್ರಾಕ್ಟೀಸ್ ಮುಗಿಸಿ, ತಂಡದ ಜಾಕೆಟ್ಟಿನಲ್ಲೇ ಬಂದಳು. ಊಟವಾಯಿತು. ಹೊರಡುವ ಹೊತ್ತಿಗೆ ರೇಣು, "ಹಬ್ಬದ ದಿನ ಹುಡುಗಿ ಬರಿಗೈಲೆ ಹೋಗಬಾರದು, ಉಡಿ ತುಂಬತೀನಿ" ಎಂದು ಅಕ್ಕಿ ಕಾಯಿ ಇಟ್ಟ ಪರಾತ ತರಿಸಿದಳು. ನಮ್ಮ ಕಡೆ ಮನೆಮಗಳು ಹೊರಟಾಗ ಹಿರಿಯ ಹೆಂಗಸರು ಅವಳ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಕಣ ಹಾಕಿ ಹರಸುವ ಪದ್ಧತಿ. ವರ್ಷಾಳಿಗೆ ಸೆರಗೆಲ್ಲಿ ಬಂತು? ಜಾಕೆಟ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ನಾನು ಫೋಟೋ ತೆಗೆಯುತ್ತಿದ್ದೆ. ರೇಣು ಐದು ಹಿಡಿ ಅಕ್ಕಿ ಹಾಕಿದಳು, ತೆಂಗಿನಕಾಯಿ ಇಟ್ಟಳು, ಅರಿಶಿನಕೊಂಬು, ಕಣ ಇಟ್ಟಳು. ಕೊನೆಗೆ ಕುಂಕುಮದ ಬೊಟ್ಟಿಟ್ಟ ಒಂದು ದಪ್ಪ ಲಕೋಟೆ ಇಟ್ಟಳು.

ವರ್ಷಾ ಲಕೋಟೆ ನೋಡಿ ತಲೆಯೆತ್ತಿದಳು. ಕಾಕಾ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದರು.

"ಅಜ್ಜಾ, ಇಸ್ ದಿಸ್ ಓಕೆ?"

ಕಾಕಾ ತಿರುಗಿ ನೋಡಿದರು. ಅವರ ಕಣ್ಣಿಗೆ ಕಂಡದ್ದು ಅಕ್ಕಿ, ಕಾಯಿ, ಕುಂಕುಮ. ಲಕೋಟೆಯೂ ಕಂಡಿತು. ನಮ್ಮಲ್ಲಿ ಉಡಿಯೊಳಗೆ ಹನ್ನೊಂದೋ ಇಪ್ಪತ್ತೊಂದೋ ಡಾಲರ್ ಇಡುವುದು ಇದ್ದದ್ದೇ.

"ಉಡಿಯಾಗ ಬಿದ್ದದ್ದು ಒಲ್ಲೆ ಅನಬಾರದವ್ವಾ. ತಗೋ," ಎಂದರು.

ಹನ್ನೆರಡು ದಿನದ ಮೇಲೆ, ಶುಕ್ರವಾರ, ಅವರ ಮೇಜಿಗೆ ಬಂದ ಹೊಸ ಅರ್ಜಿಗಳಲ್ಲಿ ಒಂದು ಸಾಕೇತ್‌ನದಾಗಿತ್ತು. ಇದನ್ನು ನನಗೆ ಬಹಳ ದಿನದ ಮೇಲೆ ಹೇಳಿದ್ದು ಕಾಕು. ಹೆಸರು ನೋಡಿ, ಊರು ನೋಡಿ, ಕೆಲಸದ ಕಲಂ ನೋಡಿ, ಕಾಕಾ ಆ ಕಾಗದವನ್ನು ಮಗುಚಿ ಇಟ್ಟರಂತೆ. ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋಗಿ, ಈ ಫೈಲು ನಾನು ನೋಡಬಾರದು, ಕಾರಣ ಬರೆದು ಕೊಡುತ್ತೇನೆ ಎಂದರಂತೆ. ಆಮೇಲೆ ವರ್ಷಾಳಿಗೆ ಫೋನ್ ಮಾಡಿ ಲಕೋಟೆ ತೆಗೆದಿದ್ದೀಯಾ ಎಂದು ಕೇಳಿದರು. ತೆಗೆದಿದ್ದಳು. ಎರಡೂವರೆ ಸಾವಿರ ಡಾಲರ್ ಇತ್ತು. ಅದರಲ್ಲಿ ಸ್ವಲ್ಪ ಖರ್ಚೂ ಆಗಿತ್ತು.

ಶನಿವಾರ ಮಧ್ಯಾಹ್ನ ನನಗೆ ಫೋನ್ ಬಂತು. ಕಾಲೇಜಿನ ಪಾರ್ಕಿಂಗ್‌ನಿಂದ ಮಾತಾಡುತ್ತಿದ್ದರು.

"ಭಾನು, ಕುಂತಿಯೇನು? ಕುಂತ ಕೇಳು."

"ಏನಾತ್ರಿ ಕಾಕಾರ?"

"ಅವತ್ತು ಉಡಿಯಾಗ ಬಂದ ಲಕೋಟಿ ಏಜೆಂಟನ ರೊಕ್ಕಾ. ಕಾಲೇಜಿಗೆ ಬರದು ಕೊಟ್ಟೀನಿ. ಇನ್ನ ಈ ಸೀಜನ್‌ದಾಗ ಆಕಿ ಆಡೂದು ಆಗಲಿಕ್ಕಿಲ್ಲ."

ಒಂಬತ್ತು ಪಂದ್ಯ ಬಾಕಿ ಇದ್ದವು. ತಂಡ ಆ ವರ್ಷ ಎಂದೂ ಇಲ್ಲದಷ್ಟು ಗೆದ್ದಿತ್ತು. ವೃತ್ತಿಪರ ತಂಡದವರು ನೋಡಲು ಬರುವುದೇ ಆ ಕೊನೆಯ ಪಂದ್ಯಗಳಿಗೆ.

"ನಿಮ್ಮನ್ನ ಯಾರು ಕೇಳಿದ್ರು? ರೊಕ್ಕಾ ತಿರುಗಿ ರೇಣು ಮಾರಿಮ್ಯಾಲೆ ಒಗದು ಸುಮ್ನ ಕುಂತಿದ್ರ ಆಗತಿರಲಿಲ್ಲೇನ್ರಿ? ಈಗ ಎಲ್ಲಾ ಪ್ಲೇಯರ್‌ಗೋಳೂ ರೊಕ್ಕಾ ತಗೋತಾರ, ಟಿವಿಯಾಗ ಬರತೈತಿ!"

"ಅಡ್ವರ್ಟೈಸ್‌ಮೆಂಟ್ ಮಾಡಿ, ಕಾಲೇಜಿಗೆ ತಿಳಿಸಿ ತಗೋತಾರವ್ವಾ. ಅದು ಬ್ಯಾರೆ. ಇದು ಏಜೆಂಟ ಗುಟ್ಟಿಲೆ ಕೊಟ್ಟದ್ದು. ಮುಚ್ಚಿಟ್ಟು ಆಡಿದ್ರ, ನಾಳೆ ಗೊತ್ತಾದ ದಿನ ಗೆದ್ದ ಮ್ಯಾಚೆಲ್ಲಾ ಅಳಸಿ ಹಾಕತಾರ. ಉಳದ ಹುಡಿಗ್ಯಾರು ಏನ ಪಾಪ ಮಾಡ್ಯಾರ?"

"ಹಂಗಾರ ನನ್ನ ಮಗಳು ಏನ ಪಾಪ ಮಾಡ್ಯಾಳ್ರಿ? ತಗೋ ಅಂದವರು ನೀವ ಅಲ್ರೀ?"

ಆ ಕಡೆ ಕಾರುಗಳು ಹೋಗುವ ಸದ್ದು ಕೇಳುತ್ತಿತ್ತು.

"ಹೌದು. ನಾನ ಅಂದೆ. ಕಾಗದದಾಗೂ ಹಂಗ ಬರದೀನಿ," ಎಂದರು.

ನಾನು ಫೋನ್ ಇಟ್ಟೆ. ಆಮೇಲೆ ಐದು ತಿಂಗಳು ಎತ್ತಲಿಲ್ಲ.

ವಿಚಿತ್ರ ನೋಡಿ, ಮರುದಿನ ನಾನು ಮಾತಾಡಿದ್ದು ರೇಣು ಜೊತೆ. "ಏನ ಭಾನು, ಆಶೀರ್ವಾದಕ್ಕ ಕೊಟ್ಟದ್ದನ್ನ ಕಂಪ್ಲೇಂಟ್ ಮಾಡತಾರೇನು? ನಿಮ್ಮ ಕಾಕಾಗ ತಲಿ ನೆಟ್ಟಗ ಐತೇನು?" ಎಂದು ಅವಳು ಕೇಳಿದಾಗ, ನನ್ನ ಬಾಯಿಂದ ಹೌದು ಹೌದು ಎಂದೇ ಬಂತು. ಆ ಫೋಟೋವನ್ನು ನಾನೇ ತೆಗೆದಿದ್ದೆ, ಆ ಹುಡುಗನನ್ನು ನಾನೇ ಕರೆದೊಯ್ದಿದ್ದೆ. ಅದನ್ನು ನೆನೆಸಿಕೊಂಡರೆ ಎದೆ ಉರಿಯುತ್ತಿತ್ತು. ಉರಿದಷ್ಟೂ ಕಾಕಾರನ್ನು ಬೈದೆ.

ಒಂದು ವಾರದಲ್ಲಿ ಕಾಲೇಜಿನಿಂದ ಕಾಗದ ಬಂತು. ಸ್ಕಾಲರ್‌ಶಿಪ್ ಉಳಿಯಿತು. ಆಡುವ ಹಕ್ಕು ಹೋಯಿತು. ನವೆಂಬರಿನಲ್ಲಿ ಕೊನೆಯ ಪಂದ್ಯಕ್ಕೆ ನಾವು ಹೋದೆವು. ಆ ದಿನ ಕೊನೆಯ ವರ್ಷದ ಹುಡುಗಿಯರು ಅಪ್ಪ ಅಮ್ಮನ ಕೈ ಹಿಡಿದು ಅಂಗಳಕ್ಕೆ ಬರುತ್ತಾರೆ, ಒಬ್ಬೊಬ್ಬರ ಹೆಸರು ಕೂಗುತ್ತಾರೆ. ನಮ್ಮನ್ನೂ ಕೂಗಿದರು. ಎಲ್ಲ ಹುಡುಗಿಯರೂ ಆಟದ ಬಟ್ಟೆಯಲ್ಲಿದ್ದರು. ವರ್ಷಾ ಒಬ್ಬಳೇ ಜೀನ್ಸ್ ಹಾಕಿ, ಮೇಲೆ ತಂಡದ ಜಾಕೆಟ್ ತೊಟ್ಟಿದ್ದಳು. ಪಂದ್ಯ ಶುರುವಾದ ಮೇಲೆ ಬೆಂಚಿನ ತುದಿಗೆ ಕೂತು ನೀರಿನ ಬಾಟಲಿ ತುಂಬಿ ತುಂಬಿ ಕೊಟ್ಟಳು. ಅವಳ ಜಾಗದಲ್ಲಿ ಮೊದಲ ವರ್ಷದ ಹುಡುಗಿ ಆಡಿದಳು. ಐದನೆಯ ಸೆಟ್ಟಿನಲ್ಲಿ ಎರಡು ಪಾಯಿಂಟಿನಿಂದ ಸೋತರು. ಆ ಹುಡುಗಿ ಅಳುತ್ತಾ ಬಂದಾಗ ವರ್ಷಾ ಅವಳನ್ನು ಹಿಡಿದುಕೊಂಡು ನಿಂತಿದ್ದಳು.

ಕಾಕಾರೂ ಬಂದಿದ್ದರು, ಎಲ್ಲರಿಗಿಂತ ಮೇಲಿನ ಸಾಲಿನಲ್ಲಿ ಒಬ್ಬರೇ. ನಾನು ನೋಡಿ ಮುಖ ತಿರುಗಿಸಿದೆ. ಪಂದ್ಯ ಮುಗಿದ ಮೇಲೆ ಮಗಳು ನಮ್ಮ ಹತ್ತಿರ ಬರುವ ಮೊದಲು ಮೆಟ್ಟಿಲು ಹತ್ತಿ ಅವರ ಪಕ್ಕ ಹೋಗಿ ಕೂತಳು. ಅದು ನನಗೆ ಇನ್ನೂ ಸಹಿಸಲಾಗಲಿಲ್ಲ. ಕಾರಿನಲ್ಲಿ ಕೇಳಿಯೇಬಿಟ್ಟೆ, "ನಿನ್ನ ಆಟಾ ಮುಗಿಸಿದವರ ಹಂತ್ಯಾಕ ಹೋಗಿ ಕುಂದರತೀಯೇನು?"

"ಮಾಮ್, ಪ್ಲೀಸ್. ಯೂ ಡೋಂಟ್ ನೋ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಡಿಸೆಂಬರ್ ಕೊನೆಗೆ ಕಾಕಾ ನಿವೃತ್ತರಾದರು. ವಿವೇಕ ಹೋಗೋಣ ಎಂದ, ನಾನು ಆಫೀಸಿನಲ್ಲಿ ರಜೆ ಇಲ್ಲ ಎಂದೆ. ರಜೆ ಇತ್ತು.

ಮಾರ್ಚಿನಲ್ಲಿ ಒಂದು ವೃತ್ತಿಪರ ತಂಡ ವರ್ಷಾಳನ್ನು ಕರೆಯಿತು. ಕೊನೆಯ ಒಂಬತ್ತು ಪಂದ್ಯ ಆಡದಿದ್ದರೂ, ಅದಕ್ಕೆ ಮುಂಚಿನ ಮೂರು ವರ್ಷದ ಆಟ ನೋಡಿದ ಕೋಚ್ ಒಬ್ಬರು ಅವಳನ್ನು ಮರೆತಿರಲಿಲ್ಲ. ಕಾಲೇಜಿನ ಆಟ ಮುಗಿದಿದ್ದರಿಂದ ಈಗ ಏಜೆಂಟ್ ಇಟ್ಟುಕೊಳ್ಳಲು ಅಡ್ಡಿ ಇರಲಿಲ್ಲ. ನೋಂದಾಯಿತ ಏಜೆಂಟ್ ಹೆಂಗಸೊಬ್ಬರು ಸಿಕ್ಕರು. ಹಿಂದೆ ಯಾರ ಜೊತೆಗಾದರೂ ಕರಾರು ಆಗಿತ್ತೇ, ಆಗಿದ್ದರೆ ಕಾಗದ ಕಳಿಸಿ ಎಂದು ಅವರು ಕೇಳಿದರು. ವರ್ಷಾ ರಜೆಗೆ ಮನೆಗೆ ಬಂದಿದ್ದಳು. ಒಂದು ಕಂದು ಬಣ್ಣದ ಫೈಲು ತಂದು ಅಡಿಗೆಮನೆಯ ಟೇಬಲ್ಲಿನ ಮೇಲೆ ಇಟ್ಟಳು. ಅದರ ಮೇಲೆ ಕಾಕಾರ ಅಕ್ಷರ.

ಒಳಗೆ ಸಾಕೇತ್‌ನ ಕರಾರು ಇತ್ತು. ಆರು ವರ್ಷ, ಅವಳು ಗಳಿಸುವ ಪ್ರತಿಯೊಂದು ಡಾಲರಿನಲ್ಲಿ ನಾಲ್ಕನೆಯ ಒಂದು ಪಾಲು. ಕೆಳಗೆ ನನ್ನ ಮಗಳ ಸಹಿ, ಉಡಿ ತುಂಬಿದ ಅದೇ ಭಾನುವಾರದ ತಾರೀಖು.

"ಇದೇನ ಇದು?" ಎಂದೆ.

ಅವಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಅಳುವಿನಲ್ಲಿ ಹೇಳಿದಳು. ಅವತ್ತು ಸಂಜೆಯೇ ಸಾಕೇತ್ ಈ ಕರಾರನ್ನು ಅವಳ ಫೋನಿಗೆ ಕಳಿಸಿದ್ದ. ನಮ್ಮಮ್ಮ ಉಡಿ ತುಂಬಿದ್ದಾಳೆ, ನೀನು ತಗೊಂಡಿದ್ದೀಯ, ಈಗ ನಾವು ಒಂದೇ ಮನೆ, ಇದೊಂದು ಫಾರ್ಮಾಲಿಟಿ ಎಂದಿದ್ದ. ಇವಳು ಓದದೆ ಬೆರಳಿನಿಂದ ಸಹಿ ಮಾಡಿದ್ದಳು. ಆಮೇಲೆ ಭಯವಾಗಿ ಬಿಡಿಸಿಕೊಳ್ಳಲು ನೋಡಿದರೆ, ಹಣ ತೆಗೆದುಕೊಂಡದ್ದು ಕಾಲೇಜಿಗೆ ಗೊತ್ತಾದರೆ ಏನಾಗುತ್ತದೆ ಗೊತ್ತಲ್ಲ ಎಂದು ಅವನು ಮೆಸೇಜ್ ಹಾಕಿದ್ದ. ಹನ್ನೆರಡು ದಿನ ಅವಳು ಅದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಕಾಕಾ ಫೋನ್ ಮಾಡಿದಾಗ ಎಲ್ಲ ಹೇಳಿ, ಅಮ್ಮನಿಗೆ ಮಾತ್ರ ಹೇಳಬೇಡಿ ಎಂದು ಆಣೆ ಹಾಕಿಸಿದ್ದಳು. ಅಮ್ಮ ಕರೆದುಕೊಂಡು ಬಂದವನು, ಅಮ್ಮ ತಡೆದುಕೊಳ್ಳುವುದಿಲ್ಲ ಎಂದು.

ಫೈಲಿನಲ್ಲಿ ಕರಾರಿನ ಇನ್ನೊಂದು ಹಾಳೆ. ಸಹಿ ಮಾಡಿದ ಹದಿನಾಲ್ಕು ದಿನದೊಳಗೆ ವಿದ್ಯಾರ್ಥಿ ಕರಾರನ್ನು ರದ್ದು ಮಾಡಬಹುದು ಎಂದು ಅದರಲ್ಲೇ ದಪ್ಪ ಅಕ್ಷರದಲ್ಲಿತ್ತು. ರದ್ದು ಮಾಡಿದರೂ ಆಡುವ ಹಕ್ಕು ವಾಪಸ್ ಬರುವುದಿಲ್ಲ ಎಂದೂ ಇತ್ತು. ಆ ಎರಡು ಸಾಲಿಗೂ ಪೆನ್ಸಿಲ್ಲಿನ ಸಣ್ಣ ಗುರುತು. ರದ್ದತಿಯ ಪತ್ರ ಹದಿಮೂರನೆಯ ದಿನದ್ದು, ಜೊತೆಗೆ ಅಂಚೆಯ ರಸೀದಿ, ಹಣ ವಾಪಸ್ ಕಳಿಸಿದ ರಸೀದಿ. ಖರ್ಚಾದದ್ದನ್ನು ಕಾಕಾ ತುಂಬಿದ್ದರು. ನನಗೆ ಪಾರ್ಕಿಂಗ್‌ನಿಂದ ಫೋನ್ ಮಾಡಿದಾಗ ಅವರು ಅಂಚೆ ಕಚೇರಿಗೆ ಹೋಗಿ ಬಂದಿದ್ದರು. ನಾನು ಅಷ್ಟೆಲ್ಲ ಅಂದಾಗ ಒಂದೇ ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಹುಡುಗಿಗೆ ಕೊಟ್ಟ ಮಾತಿಗೆ ಅವರು ಹೇಳಲಿಲ್ಲ.

ಆ ಟೇಬಲ್ಲಿನ ಮುಂದೆ ನಾನು ಅತ್ತಷ್ಟು ನನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ.

ಶನಿವಾರ ಮೂವರೂ ವೆಸ್ಟ್‌ಮಂಟಿಗೆ ಹೊರಟೆವು. ಶಿಕಾಗೋದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಸುತ್ತು ಹಾಕಿ ತೆಂಗಿನಕಾಯಿ, ಎಲೆ ಅಡಿಕೆ ತೆಗೆದುಕೊಂಡೆವು. ಕಾಕು ಬಾಗಿಲು ತೆಗೆದರು. ಕಾಕಾ ಇನ್ನೂ ಲೈಬ್ರರಿಯಿಂದ ಬಂದಿರಲಿಲ್ಲ. ನಿವೃತ್ತಿಯ ಮೇಲೆ ವಾರಕ್ಕೆರಡು ದಿನ ಅಲ್ಲಿ ಕೂತು, ಇಂಗ್ಲಿಷ್ ಬಾರದವರಿಗೆ ಲೈಸೆನ್ಸ್ ಅರ್ಜಿ ತುಂಬಿಕೊಡುತ್ತಾರಂತೆ. ಅವರು ಬರುವ ತನಕ ಕಾಕು ನನಗೆ ಉಳಿದದ್ದನ್ನೂ ಹೇಳಿದರು. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಗೆ ಕಚೇರಿಯಿಂದ ಲಿಖಿತ ಎಚ್ಚರಿಕೆ ಬಂದಿತ್ತು. ಏಜೆಂಟನ ಲಕೋಟೆ ತಗೋ ಎಂದವನು ನಾನೇ ಎಂದು ಬರೆದುಕೊಟ್ಟು, ಅದನ್ನು ಕೇಳಿ ಪಡೆದವರೂ ಅವರೇ. ನವರಾತ್ರಿಯ ನಂತರ ಆ ಮನೆಯಲ್ಲಿ ಯಾರಿಗೆ ಉಡಿ ತುಂಬಿದರೂ ಅವರು ಎದ್ದು ಬೇಸ್‌ಮೆಂಟಿಗೆ ಹೋಗಿಬಿಡುತ್ತಿದ್ದರಂತೆ.

ಕಾಕಾ ಬಂದರು. ಕೋಟು ತೆಗೆಯುತ್ತಾ ನನ್ನನ್ನು ನೋಡಿ ಅಲ್ಲಿಯೇ ನಿಂತರು. ಬಹಳ ಸೊರಗಿದ್ದರು.

"ಕಾಕಾರ, ತಪ್ಪಾತ್ರಿ," ಎಂದು ಕಾಲು ಹಿಡಿದೆ. "ಕರಕೊಂಡ ಬಂದಾಕಿ ನಾನು, ಸುಳ್ಳ ಹೇಳಿದಾಕಿ ನಾನು. ಬೈಸಿಕೊಂಡವರು ನೀವು."

"ಏಳ ಯವ್ವಾ, ಏಳು. ತಪ್ಪು ನಂದು." ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿದರು. "ಮಂದೀದು ಒಂದು ಕಲಂ ಖಾಲಿ ಇದ್ರ ವಾಪಸ್ ಕಳಿಸಿದಾಂವ ನಾನು. ನಮ್ಮ ಹುಡುಗಿ ಬಾಯಿಬಿಟ್ಟು ಕೇಳಿದ್ಲು, ನಾ ನೋಡದ ಹೂಂ ಅಂದೆ. ಆ ಒಂಬತ್ತು ಮ್ಯಾಚು ಆಕಿಗೆ ನಾ ಎಲ್ಲಿಂದ ತಂದು ಕೊಡಲಿ?"

ಕಾಕು ಎಲ್ಲರಿಗೂ ತಟ್ಟೆ ಹಾಕಿದರು. ಊಟ ಮಾಡಿದೆವು.

ಹೊರಡುವಾಗ ಕಾಕು ಪರಾತ ತಂದರು. ಕಾಕಾ ಎದ್ದು ಬೇಸ್‌ಮೆಂಟಿನ ಬಾಗಿಲ ಕಡೆ ನಡೆದರು. ವರ್ಷಾ ಅದೇ ಹಳೆಯ ತಂಡದ ಜಾಕೆಟ್ಟಿನ ಅಂಚು ಹಿಡಿದು ಚಾಚಿದಳು. ಕಾಕು ಅಕ್ಕಿ ಹಾಕಿದರು, ಕಾಯಿ ಇಟ್ಟರು, ಗುಳೇದಗುಡ್ಡದ ಕಣ ಇಟ್ಟರು.

"ಅಜ್ಜಾ," ಎಂದು ಅವಳು ಕೂಗಿದಳು. "ಇಸ್ ದಿಸ್ ಓಕೆ?"

ಕಾಕಾ ಬಾಗಿಲ ಹಿಡಿಕೆಯ ಮೇಲಿಂದ ಕೈ ತೆಗೆದು ವಾಪಸ್ ಬಂದರು. ಕನ್ನಡಕ ಹಾಕಿಕೊಂಡರು. ಅಕ್ಕಿಯೊಳಗೆ ಬೆರಳು ಆಡಿಸಿ ನೋಡಿದರು. ಕಾಯಿಯನ್ನು ಎತ್ತಿ ತಿರುಗಿಸಿ ಅದರ ಕೆಳಗೆ ನೋಡಿದರು. ಮಡಚಿದ ಕಣವನ್ನು ಪೂರ್ತಿ ಬಿಚ್ಚಿ, ಬೆಳಕಿಗೆ ಹಿಡಿದು ಝಾಡಿಸಿ, ಮತ್ತೆ ಅದೇ ಮಡಿಕೆಗೆ ಮಡಚಿ ಇಟ್ಟರು. ನಾವು ಯಾರೂ ನಗಲಿಲ್ಲ. ವರ್ಷಾ ಅಷ್ಟು ಹೊತ್ತೂ ಅಂಚು ಬಿಡದೆ ಹಿಡಿದು ನಿಂತಿದ್ದಳು.

"ಅಕ್ಕಿ, ಕಾಯಿ, ಕಣ. ಮತ್ತೇನಿಲ್ಲವ್ವಾ," ಎಂದರು. "ನಾ ನೋಡೀನಿ. ತಗೋ."